‘ಮಾಲೀಕರ ಕೊಡುಗೆ’ ಸರಿಯಾ? ಸಂಬಳದ ಚೀಟಿಗೆ ಪದ ಬೇಕು

ಪದ ಬಲ್ಲವರಿಗೆ ನಮಸ್ಕಾರ.

ಶಿವಮೊಗ್ಗದ ಹೊರಗೆ ನಮ್ಮದೊಂದು ಸಣ್ಣ ಘಟಕ ಇದೆ. ಅಡಿಕೆ ಹಾಳೆಯಿಂದ ತಟ್ಟೆ ಮಾಡುತ್ತೇವೆ. ಕೆಲಸದವರು 10 ಜನ ಆದಾಗ ಇಎಸ್‌ಐ (ಕೆಲಸದವರ ಆರೋಗ್ಯ ವಿಮೆ) ಬಂತು. ಹೋದ ವರ್ಷ 20 ದಾಟಿದ ಮೇಲೆ ಪಿಎಫ್ (ಭವಿಷ್ಯ ನಿಧಿ) ಕೂಡ ಬಂತು. ಲೆಕ್ಕ ಹೇಗೋ ಕಲಿತೆ. ಅದನ್ನು ನಮ್ಮವರಿಗೆ ತಿಳಿಯುವ ಹಾಗೆ ಬರೆಯೋಕೆ ಪದ ಸಿಗದೆ ಒದ್ದಾಡುತ್ತಿದ್ದೇನೆ.

ಮೊದಲ ಸಂಬಳದ ಚೀಟಿಯಲ್ಲಿ ಕಂಪ್ಯೂಟರ್ ಅನುವಾದ ಕೊಟ್ಟದ್ದನ್ನೇ ಹಾಕಿದ್ದೆ: ‘ಉದ್ಯೋಗದಾತರ ಕೊಡುಗೆ 1,680 ರೂ.’ ಬಟವಾಡೆ ದಿನ ಹಾಳೆ ತೊಳೆಯುವ ಹೆಂಗಸೊಬ್ಬರು ಚೀಟಿ ಹಿಡಿದು ಬಂದರು. “ಅಕ್ಕಾ, ಈ ಕೊಡುಗೆ ಈಗ್ಲೇ ಕೊಡ್ತೀರಾ, ದೀಪಾವಳಿಗಾ?” ಅಂದರು. ಅವರು ಓದಿದ್ದು ಸರಿಯಾಗೇ ಇತ್ತು. ಕೊಡುಗೆ ಅಂದರೆ ಮನಸ್ಸು ಬಂದು ಕೊಡುವುದು. ಕೊಡದಿದ್ದರೆ ಯಾರೂ ಕೇಳುವ ಹಾಗಿಲ್ಲ. ಇದು ಅವರ ಪಿಎಫ್‌ಗೆ ನಾನು ಕಟ್ಟಲೇಬೇಕಾದ ಹಣ, ಅವರ ಹಕ್ಕು. ದಾನ ಮಾಡಿದ ಹಾಗೆ ನನ್ನ ಹೆಸರಲ್ಲಿ ಅದು ಅಚ್ಚಾಗಿದ್ದು ನೋಡಿ ಬೇಜಾರಾಯಿತು.

ಆಮೇಲೆ ‘ವಂತಿಗೆ’ ನೆನಪಾಯಿತು. ಊರ ದೇವಸ್ಥಾನದ ಕೆಲಸಕ್ಕೆ, ಗಣಪತಿ ಇಡೋಕೆ ಮನೆಗಿಷ್ಟು ಅಂತ ವಂತಿಗೆ ಎತ್ತುತ್ತಾರಲ್ವಾ, ಅದೇ. ಇಎಸ್‌ಐಗೆ ಈ ಪದ ಚೆನ್ನಾಗಿ ಕೂರುತ್ತದೆ. ಕೆಲಸದವರದು ಸಂಬಳದ ಶೇ. 0.75, ನಮ್ಮದು ಶೇ. 3.25. ಎಲ್ಲರೂ ಹಾಕುತ್ತಾರೆ, ಕಾಯಿಲೆ ಬಿದ್ದವರಿಗೆ ಅದು ಆಗುತ್ತದೆ. ಆದರೆ ಪಿಎಫ್? ವಂತಿಗೆ ಕೊಟ್ಟವರು ಯಾರೂ ಅದನ್ನು ವಾಪಸ್ ಕೇಳುವುದಿಲ್ಲ. ಪಿಎಫ್ ಹಣ ಅವರವರ ಹೆಸರಲ್ಲೇ ಬಡ್ಡಿ ಸೇರಿ ಬೆಳೆಯುತ್ತದೆ. ಹಾಗಾಗಿ ಅಲ್ಲಿ ‘ನಿಮ್ಮ ಪಾಲು’, ‘ನಮ್ಮ ಪಾಲು’ ಅಂತ ಬರೆಯಲಾ ಅಂತ ಯೋಚನೆ. 14,000 ಸಂಬಳದವರಿಗೆ ಎರಡೂ ಕಡೆಯಿಂದ ಶೇ. 12ರ ಲೆಕ್ಕದಲ್ಲಿ ತಲಾ 1,680 ಹೋಗುತ್ತದೆ. ನಮ್ಮ 1,680ರಲ್ಲಿ 1,166 ಪಿಂಚಣಿಗೆ, ಉಳಿದ 514 ಮಾತ್ರ ಅವರ ಪಿಎಫ್ ಖಾತೆಗೆ. ಇಷ್ಟೆಲ್ಲ ‘ಪಾಲು’ ಅನ್ನೋ ಎರಡಕ್ಷರ ಹೊರುತ್ತದಾ?

ಇದಕ್ಕಿಂತ ಜಾಸ್ತಿ ತೊಡಕು ಸಂಬಳದಿಂದ ತೆಗೆಯುವ ಹಣದ ಹೆಸರಿನದು. ನಮ್ಮವರ ಬಾಯಲ್ಲಿ ಬರುವುದು ‘ಮುರ್ಕೊಂಡ್ರು’. ಅಡಿಕೆ ಮಂಡಿಯಲ್ಲಿ ಮೊದಲೇ ತಂದ ಸಾಲ ಮುರಿದುಕೊಂಡು ಉಳಿದದ್ದು ಕೈಗೆ ಕೊಡುತ್ತಾರೆ. ಅಲ್ಲಿ ಮುರಿದ ಹಣ ಮುರಿದವನಿಗೇ ಸೇರುತ್ತದೆ. ಅದೇ ಮಾತು ಪಿಎಫ್‌ಗೂ ಬಂದಾಗ, ನಾನೇ ಆ ದುಡ್ಡು ಇಟ್ಟುಕೊಂಡೆ ಅನ್ನುವ ಅರ್ಥ ಜೊತೆಯಲ್ಲೇ ಬರುತ್ತದೆ. ಇಬ್ಬರು ಹುಡುಗರು ಎರಡು ತಿಂಗಳು ಹಾಗೇ ಅಂದುಕೊಂಡಿದ್ದರು. ನಮ್ಮ ಲೆಕ್ಕ ನೋಡುವ ಹಿರಿಯರು ‘ವಜಾ’ ಅಂತ ಬರೆಯಿರಿ ಅಂದರು. ಹಳೇ ಲೆಕ್ಕದ ಪುಸ್ತಕಗಳಲ್ಲಿ ಕಳೆಯುವುದಕ್ಕೆ ಅದೇ ಪದ. ಆದರೆ ಇವತ್ತು ವಜಾ ಅಂದರೆ ಕೆಲಸದಿಂದ ತೆಗೆಯುವುದು. ಸಂಬಳದ ಚೀಟಿಯಲ್ಲಿ ಅದನ್ನು ಕಂಡರೆ ಎದೆ ಧಸಕ್ ಅನ್ನಲ್ವಾ? ‘ಕಡಿತ’ ಸರ್ಕಾರಿ ಪದ, ತಪ್ಪಿಲ್ಲ. ಆದರೂ ಅದು ಕಡಿಮೆ ಆಯಿತು ಅಂತ ಮಾತ್ರ ಹೇಳುತ್ತದೆ. ಎಲ್ಲಿಗೆ ಹೋಯಿತು ಅಂತ ಹೇಳಲ್ಲ.

ನನಗೆ ಹೊಳೆದದ್ದು ‘ಹಿಡಿದು ಕಟ್ಟಿದ್ದು’. ಸಂಬಳದಲ್ಲಿ ಹಿಡಿದದ್ದನ್ನು ಮುಂದಿನ ತಿಂಗಳು 15ರೊಳಗೆ ಅವರ ಹೆಸರಲ್ಲಿ ಕಟ್ಟುತ್ತೇನೆ. ಎರಡೂ ಕೆಲಸ ಆ ಮಾತಿನಲ್ಲಿ ಇವೆ. ಕನ್ನಡದಲ್ಲಿ ತೆರಿಗೆ, ಕಂತು, ಫೀಸು ಎಲ್ಲವನ್ನೂ ಕಟ್ಟುತ್ತೇವೆ ತಾನೇ. ಆದರೆ ಚೀಟಿಯ ತಲೆಬರಹಕ್ಕೆ ಇದು ಉದ್ದ ಆಯಿತೇನೋ.

ಇನ್ನೊಂದು. ನಮ್ಮಲ್ಲಿ ಇವೆಲ್ಲಕ್ಕೂ ‘ಟ್ಯಾಕ್ಸ್’ ಅಂತಲೇ ಕರೆಯುತ್ತಾರೆ. ನಿಜವಾದ ತೆರಿಗೆ ಬೀಳುವುದು ನಮ್ಮ ಮೇಲ್ವಿಚಾರಕರೊಬ್ಬರಿಗೆ ಮಾತ್ರ. ಅವರ ಸಂಬಳ 25,000 ದಾಟುವುದರಿಂದ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ, ಫೆಬ್ರವರಿಯಲ್ಲಿ 300. “ವಕೀಲರು, ಡಾಕ್ಟರು ಮಾಡೋದು ವೃತ್ತಿ. ನನ್ನದು ನೌಕರಿ. ನನಗ್ಯಾಕೆ?” ಅಂತ ಅವರು ಕೇಳಿದರು. 1976ರ ಆ ಕಾನೂನು ವೃತ್ತಿ, ವ್ಯಾಪಾರ, ಕಸುಬು, ಉದ್ಯೋಗ ಎಲ್ಲವನ್ನೂ ಹಿಡಿಯುತ್ತದೆ. ಬಳಕೆಯಲ್ಲಿ ಉಳಿದದ್ದು ಮೊದಲ ಪದ ಒಂದೇ. ಅವರಿಗೆ ಹೇಳೋಕೆ ‘ದುಡಿಮೆ ತೆರಿಗೆ’ ಅಂದರೆ ಆಗಬಹುದಾ?

ಸಾಗರ, ಹೊಸನಗರ, ಕೊಪ್ಪದ ಕಡೆ ಎಸ್ಟೇಟು, ಗಿರಣಿ, ಅಂಗಡಿಗಳಲ್ಲಿ ಬಟವಾಡೆ ಮಾಡಿದವರು ಇದ್ದರೆ ನಿಮ್ಮ ಕಡೆ ಏನಂತಿದ್ದರು ಅಂತ ತಿಳಿಸಿ. ಪುಸ್ತಕದ ಪದಕ್ಕಿಂತ ಬಾಯಿಮಾತಿನ ಪದ ಸಿಕ್ಕರೆ ಜಾಸ್ತಿ ಉಪಕಾರ. ಮುಂದಿನ ಚೀಟಿ ಈ ತಿಂಗಳ ಕೊನೆಗೆ ಅಚ್ಚಾಗಬೇಕು.