ಲಾಹೌಲ್–ಸ್ಪಿತಿ: ಜಿಲ್ಲೆ ಒಂದು, ಕಣಿವೆ ಎರಡು, ಆಡಳಿತ ಹೇಗೆ?

ಪ್ರಶ್ನೆ (ಶಿರಸಿಯಿಂದ):
ಮಾನ್ಯರೇ, ಮೊನ್ನೆ ಪಹಣಿ ತಿದ್ದುಪಡಿಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಸುರಿಯುವ ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ನಮ್ಮ ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗಿಬಂದೆ. ಆಮೇಲೆ ಹಿಮಾಚಲದ ನಕ್ಷೆಯಲ್ಲಿ ಲಾಹೌಲ್–ಸ್ಪಿತಿ ಜಿಲ್ಲೆಯನ್ನು ನೋಡುವಾಗ ಪ್ರಶ್ನೆಯೊಂದು ಹುಟ್ಟಿತು. ಎರಡು ಕಣಿವೆಗಳ ನಡುವಿನ, ಸುಮಾರು 4,550 ಮೀಟರ್ ಎತ್ತರದ ಕುಂಜುಮ್ ಘಾಟಿ ಹಿಮದಿಂದ ಮುಚ್ಚಿದಾಗ, ಸ್ಪಿತಿಯ ಜನರು ಲಾಹೌಲಿನಲ್ಲಿರುವ ಜಿಲ್ಲಾ ಕೇಂದ್ರವಾದ ಕೇಲಾಂಗ್‌ಗೆ ಹೇಗೆ ಹೋಗುತ್ತಾರೆ?

ಉತ್ತರ (ಕಾರವಾರದಿಂದ):
ಬಹುತೇಕ ಕೆಲಸಗಳಿಗೆ ಅವರು ಹೋಗಬೇಕಾಗಿಯೇ ಇಲ್ಲ. ಸ್ಪಿತಿಯ ಕಾಜಾದಲ್ಲಿ ಹೆಚ್ಚುವರಿ ಜಿಲ್ಲಾಧಿಕಾರಿಯೊಬ್ಬರು ಇದ್ದು, 1986ರಿಂದ ಜಾರಿಯಲ್ಲಿರುವ ಏಕಗವಾಕ್ಷಿ ಮಾದರಿಯ ಆಡಳಿತದಲ್ಲಿ ವಿವಿಧ ಇಲಾಖೆಗಳು ಅವರ ಕೈಕೆಳಗೆ ನಡೆಯುತ್ತವೆ. ಇದು ನನಗೆ ಬಹಳ ವಿವೇಕದ ವ್ಯವಸ್ಥೆಯೆಂದು ತೋರುತ್ತದೆ. ಚಳಿಗಾಲದಲ್ಲಿ ಕಾಜಾಕ್ಕೆ ಉಳಿಯುವ ದಾರಿ ಪಕ್ಕದ ಕಿನ್ನೌರ್ ಜಿಲ್ಲೆಯ ಮೂಲಕ ಬರುವ ರಸ್ತೆ, ಅದೂ ಹಿಮ ಬಿಟ್ಟಾಗ.

ಉತ್ತರ (ಕುಮಟಾದಿಂದ):
ನೀರೇ ಈ ಜಿಲ್ಲೆಯನ್ನು ಎರಡಾಗಿ ಸೀಳಿದೆ. ಲಾಹೌಲಿನ ಚಂದ್ರಾ ಮತ್ತು ಭಾಗಾ ನದಿಗಳು ತಾಂಡಿಯಲ್ಲಿ ಕೂಡಿ ಮುಂದೆ ಚಿನಾಬ್ ಆಗುತ್ತವೆ. ಸ್ಪಿತಿ ನದಿಯಾದರೋ ಖಾಬ್ ಬಳಿ ಸಟ್ಲೆಜ್ ಸೇರುತ್ತದೆ. 2011ರ ಜನಗಣತಿಯಂತೆ 13,800ಕ್ಕೂ ಹೆಚ್ಚು ಚದರ ಕಿಲೋಮೀಟರಿನಲ್ಲಿ 31,564 ಜನರಿದ್ದರು, ಅಂದರೆ ಶಿರಸಿ ಪಟ್ಟಣದ ಸುಮಾರು ಅರ್ಧದಷ್ಟು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. 2020ರಲ್ಲಿ ತೆರೆದ ಅಟಲ್ ಸುರಂಗದಿಂದ ಸ್ಪಿತಿಗೂ ಅನುಕೂಲವಾಯಿತೇ?

ಉತ್ತರ (ಕಾರವಾರದಿಂದ):
ಸುರಂಗ ರೋಹ್ತಾಂಗ್ ಘಾಟಿಯ ಅಡಿಯಲ್ಲಿ ಸಾಗಿ ಲಾಹೌಲಿನಲ್ಲಿ ಹೊರಬರುತ್ತದೆ, ಆದ್ದರಿಂದ ಕೇಲಾಂಗ್ ಮನಾಲಿಗೆ ಹತ್ತಿರವಾಯಿತು. ಕುಂಜುಮ್ ಮಾತ್ರ ಮೊದಲಿನಂತೆಯೇ ಅಡ್ಡ ನಿಂತಿದೆ.