ಎಂಜಿಎ 1500: ಬಿಸಿಯಾದರೆ ನಿಂತುಬಿಡುತ್ತದೆ, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತದೆ

ಬಸವನಗುಡಿ_57:

ಎಲ್ಲರಿಗೂ ನಮಸ್ಕಾರ. ನನ್ನದು 1957ರ ಎಂಜಿಎ 1500, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಟಿಂಕರಿಂಗ್, ಪೇಂಟು, ಕಾಲಡಿಯ ಪ್ಲೈವುಡ್ ಹಲಗೆ, ಹೊಸ ವೈರಿಂಗ್ ಎಲ್ಲ ಮುಗಿದು ಗಾಡಿ ಈಗ ರೋಡಿಗೆ ಬಂದಿದೆ. ಬೆಳಿಗ್ಗೆ ಸೆಲ್ಫ್ (ಸ್ಟಾರ್ಟರ್) ಒಂದೇ ಸಲ ಹೊಡೆದರೆ ಸ್ಟಾರ್ಟ್. ಕನಕಪುರ ರಸ್ತೆಯಲ್ಲಿ ಪಿಕಪ್ಪೂ ಚೆನ್ನಾಗಿದೆ. ಆದರೆ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೊದಲು ಎಳೆತ ಕಮ್ಮಿಯಾಗುತ್ತದೆ, ಆಮೇಲೆ ಮಿಸ್ಸಿಂಗ್, ಆಮೇಲೆ ಆಫ್. ಬಾನೆಟ್ ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ಟೆಂಪರೇಚರ್ ಮುಳ್ಳು ಎಲ್ಲಿರಬೇಕೋ ಅಲ್ಲೇ ಇರುತ್ತದೆ.

ಗ್ಯಾರೇಜಿನಲ್ಲಿ ಕೇಳಿದವರೆಲ್ಲ 'ಇ20 (20% ಎಥನಾಲ್ ಬೆರೆತ) ಪೆಟ್ರೋಲು, ಲೈನಿನಲ್ಲಿ ಆವಿ ಕಟ್ಟಿಕೊಳ್ಳುತ್ತಿದೆ, ಪಂಪ್ ಬದಲಾಯಿಸಿ' ಎನ್ನುತ್ತಿದ್ದಾರೆ. ಟ್ಯಾಂಕಿನಿಂದ ಪೆಟ್ರೋಲ್ ತಳ್ಳುವ ಈ ಎಸ್‌ಯು ಕಂಪನಿಯ ಪಂಪ್ ಇಂಗ್ಲೆಂಡಿನಿಂದ ತರಿಸಬೇಕು. ಕಸ್ಟಮ್ಸ್ ಸೇರಿ ಸಣ್ಣ ಮೊತ್ತ ಅಲ್ಲ. ಡೆಲ್ಕೊ (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಒಳಗಿನ ಪಾಯಿಂಟು, ಕಂಡೆನ್ಸರ್ (ಕೆಪಾಸಿಟರ್), ರೋಟರ್ ಎಲ್ಲ ಹೊಸದು, ಹಾಗಾಗಿ ಅದರ ಮೇಲೆ ಅನುಮಾನ ಇಲ್ಲ. ಪಂಪ್ ಆರ್ಡರ್ ಮಾಡಲಾ?

ಬರ್ಮಿಂಗ್‌ಹ್ಯಾಮ್_ಕನ್ನಡಿಗ:

ಸರ್, ದಯವಿಟ್ಟು ಈಗಲೇ ಆರ್ಡರ್ ಮಾಡಬೇಡಿ. ನಾನು ಇಲ್ಲಿ ಎಂಜಿಎ ಇಟ್ಟುಕೊಂಡು ಬಹಳ ವರ್ಷ ಆಯಿತು. ಬಿಸಿಯಾದಾಗ ನಿಲ್ಲುವ ಗಾಡಿಗೆ ಮೊದಲು ಮಾಡಬೇಕಾದ್ದು ಒಂದೇ: ಅದು ಪೆಟ್ರೋಲಿಲ್ಲದೆ ನಿಂತಿತೋ, ಕಿಡಿಯಿಲ್ಲದೆ ನಿಂತಿತೋ ಗೊತ್ತುಮಾಡಿಕೊಳ್ಳುವುದು. ಅದನ್ನು ನಿಂತ ಮೊದಲ ಐದು ನಿಮಿಷದಲ್ಲೇ ನೋಡಬೇಕು. ಆರಿದ ಮೇಲೆ ನೋಡಿದರೆ ಎಲ್ಲವೂ ಸರಿ ಇರುತ್ತದೆ, ಏನೂ ಗೊತ್ತಾಗುವುದಿಲ್ಲ.

ನಿಂತ ತಕ್ಷಣ ಕೀ ಆನ್ ಮಾಡಿ ಹಿಂದಿನಿಂದ ಬರುವ ಶಬ್ದ ಕೇಳಿ. ಎಂಜಿಎಯಲ್ಲಿ ಪಂಪು ಸೀಟಿನ ಹಿಂದೆ, ಚಾಸಿಗೆ ಕೂತಿರುತ್ತದೆ. ನಾಲ್ಕೈದು ಸಲ ಟಿಕ್ ಟಿಕ್ ಎಂದು ಸುಮ್ಮನಾದರೆ ಕಾರ್ಬುರೇಟರಿನ ಬಟ್ಟಲು ತುಂಬಿದೆ ಎಂದು ಅರ್ಥ, ಪೆಟ್ರೋಲಿನ ತೊಂದರೆ ಅಲ್ಲ. ಬಿಡದೆ ಜೋರಾಗಿ ಬಡಿದುಕೊಳ್ಳುತ್ತಿದ್ದರೆ ಅದು ಗಾಳಿ ಅಥವಾ ಆವಿ ಎಳೆಯುತ್ತಿದೆ. ಶಬ್ದವೇ ಇಲ್ಲದಿದ್ದರೆ ಎರಡು ಸಾಧ್ಯತೆ: ಬಟ್ಟಲು ಮೊದಲೇ ತುಂಬಿರಬಹುದು, ಇಲ್ಲವೇ ಪಂಪಿನೊಳಗಿನ ಪಾಯಿಂಟ್ ಅಂಟಿಕೊಂಡಿರಬಹುದು. ಸ್ಪ್ಯಾನರ್ ಹಿಡಿಯಿಂದ ಪಂಪಿಗೆ ಮೆಲ್ಲಗೆ ತಟ್ಟಿದಾಗ ಓಡಲು ಶುರುವಾದರೆ ಪಾಯಿಂಟಿನದ್ದೇ ತಕರಾರು.

ಅನುಮಾನ ಉಳಿದರೆ ಕಾರ್ಬುರೇಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಗೆ ಬಿಡಿ. ನಿಮಿಷಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಬರಬೇಕು, ನಡುವೆ ಗುಳ್ಳೆ ಇರಬಾರದು. ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ತೆಗೆದು ನೋಡಿ. ಗಾಳಿ ಸೊಯ್ ಎಂದು ಒಳಗೆ ಹೋದರೆ ಮುಚ್ಚಳದ ತೂತು ಕಟ್ಟಿದೆ.

ಇನ್ನು ಕಿಡಿ. ಕಿಡಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲಿನಿಂದ ಡೆಲ್ಕೊ ಕ್ಯಾಪಿನ ನಡುವಿಗೆ ಬರುವ ದಪ್ಪ ವೈರನ್ನು ಕ್ಯಾಪಿನಿಂದ ಕೀಳಿ. ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿದು ತುದಿಯನ್ನು ಬ್ಲಾಕಿನಿಂದ ಆರೇಳು ಮಿಲಿಮೀಟರ್ ದೂರ ಇಡಿ. ಯಾರಾದರೂ ಸೆಲ್ಫ್ ಹೊಡೆಯಲಿ. ನೀಲಿ ಬಣ್ಣದ ದಪ್ಪ ಕಿಡಿ, ಚಟ್ ಚಟ್ ಎಂಬ ಸದ್ದು ಬರಬೇಕು. ಕಿಡಿ ಸಣಕಲಾಗಿ ಹಳದಿಗೆ ತಿರುಗಿದ್ದರೆ ತೊಂದರೆ ಕ್ಯಾಪಿಗಿಂತ ಹಿಂದೆ ಇದೆ, ಅಂದರೆ ಕಾಯಿಲ್, ಪಾಯಿಂಟ್ ಅಥವಾ ಕಂಡೆನ್ಸರ್. ಇಲ್ಲಿ ಚೆನ್ನಾಗಿದ್ದು ಪ್ಲಗ್ಗಿನಲ್ಲಿ ಇಲ್ಲದಿದ್ದರೆ ರೋಟರ್ ಅಥವಾ ಕ್ಯಾಪ್.

ಮೊದಲು ಕಿಡಿ ನೋಡಿ, ಆಮೇಲೆ ಪೆಟ್ರೋಲ್ ಬಿಚ್ಚಿ. ಎರಡನ್ನೂ ಒಟ್ಟಿಗೆ ಮಾಡಲೇಬೇಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಮತ್ತೆ, 'ಹೊಸದು ಹಾಗಾಗಿ ಅನುಮಾನ ಇಲ್ಲ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ ಸರ್. ಈಗ ಬರುವ ಅಗ್ಗದ ಕಂಡೆನ್ಸರ್, ರೋಟರುಗಳಲ್ಲಿ ಬಿಸಿಗೆ ಕೈಕೊಡುವವು ಬಹಳ. ಅರವತ್ತು ವರ್ಷದ ಹಳೆಯ ಸಾಮಾನೇ ಎಷ್ಟೋ ಸಲ ಹೆಚ್ಚು ನಂಬಿಕಸ್ಥ.

ಹುಬ್ಬಳ್ಳಿ_ಗ್ಯಾರೇಜ್:

ಸರ, ಮೇಲಿನವರು ಹೇಳಿದ್ದು ಖರೇ. ನಾನು ಅಂಬಾಸಿಡರ್ ಕೆಲಸ ಮಾಡಿಕೊಂಡೇ ಬೆಳೆದವನು. ಎಂಜಿಎ 1500 ಮತ್ತು ಹಳೇ ಪೆಟ್ರೋಲ್ ಅಂಬಾಸಿಡರ್ ಎರಡರ ಇಂಜಿನ್ನೂ ಬಿಎಂಸಿಯ ಬಿ-ಸೀರೀಸ್, ಎರಡೂ 1489 ಸಿಸಿ. ಹಾಗಾಗಿ ರೋಗವೂ ಒಂದೇ ಥರ ಬರುತ್ತದೆ.

ಎರಡು ಮಾತು ಕೇಳುತ್ತೇನೆ. ನಿಮ್ಮ ಗಾಡಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ಬಾಡಿಗೆ) ಇದೆಯೋ, ನೆಗೆಟಿವ್ ಮಾಡಿಸಿದ್ದೀರೋ? ಪಾಸಿಟಿವ್ ಅರ್ತ್ ಇದ್ದರೆ ಕಾಯಿಲಿನ ಮೈನಸ್ ಕೀ ಕಡೆಗೆ, ಪ್ಲಸ್ ಡೆಲ್ಕೊ ಕಡೆಗೆ ಹೋಗಬೇಕು. ಉಲ್ಟಾ ಆದರೂ ಗಾಡಿ ಓಡುತ್ತದೆ, ಆದರೆ ಕಿಡಿ ಸೋತಿರುತ್ತದೆ. ಎರಡನೆಯದು, ಡೆಲ್ಕೊ ಕ್ಯಾಪ್ ತೆಗೆದು ಪಾಯಿಂಟಿನ ಮೈ ನೋಡಿ. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಕಂಡೆನ್ಸರ್ ಸರಿಯಿಲ್ಲ ಅಂತಲೇ ಹಿಡಿಯಿರಿ.

ಬಸವನಗುಡಿ_57:

ಇವತ್ತು ಬೇಕೆಂದೇ ಮಧ್ಯಾಹ್ನದ ಬಿಸಿಲಿನಲ್ಲಿ ಓಡಿಸಿದೆ. ಬನಶಂಕರಿ ಹತ್ತಿರ ನಿಂತಿತು.

ಪಂಪು ನಾಲ್ಕು ಸಲ ಟಿಕ್ ಎಂದು ಸುಮ್ಮನಾಯಿತು. ಕಿಡಿ ನೀವು ಹೇಳಿದ ಹಾಗೆಯೇ: ದಾರದಷ್ಟು ಸಣ್ಣ, ಹಳದಿ, ನಡುನಡುವೆ ಇಲ್ಲವೇ ಇಲ್ಲ. ಆಮೇಲೆ ಬಾಟಲಿಗೆ ಪೆಟ್ರೋಲ್ ಬಿಟ್ಟೆ, ಗುಳ್ಳೆಯಿಲ್ಲದೆ ಸಲೀಸಾಗಿ ತುಂಬಿತು. ಪಾಯಿಂಟಿನ ಒಂದು ಮುಖದಲ್ಲಿ ಗುಳಿ ಬಿದ್ದಿದೆ, ಸುತ್ತ ನೀಲಿ ಕಲೆ. ಅರ್ತ್ ಮೂಲದಲ್ಲಿ ಇದ್ದ ಹಾಗೆ ಪಾಸಿಟಿವ್, ಕಾಯಿಲ್ ವೈರ್ ಸರಿಯಾಗಿಯೇ ಇದೆ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ:

ಹಾಗಾದರೆ ನಿಮ್ಮ ಪಂಪಿನ ದುಡ್ಡು ಉಳಿಯಿತು. ಈಗ ಉಳಿದದ್ದು ಕಂಡೆನ್ಸರ್ ಅಥವಾ ಕಾಯಿಲ್. ಡೆಲ್ಕೊ ಪೂರ್ತಿ ಬಿಚ್ಚದೆ, ಕ್ಯಾಪ್ ಮಾತ್ರ ತೆಗೆದು ಪರೀಕ್ಷೆ ಮಾಡಬಹುದು. ಚೆನ್ನಾಗಿರುವ ಕಂಡೆನ್ಸರಿಗೆ ಎರಡು ಕ್ಲಿಪ್ ವೈರ್ ಕಟ್ಟಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಗಾಡಿ ನಿಂತಾಗ ಒಳಗಿನ ಕಂಡೆನ್ಸರಿನ ವೈರ್ ಬಿಡಿಸಿ, ಇದರ ವೈರನ್ನು ಕಾಯಿಲಿನ ಡೆಲ್ಕೊ ಕಡೆಯ ಟರ್ಮಿನಲ್ಲಿಗೆ, ಮೈಯನ್ನು ಬಾಡಿಗೆ ಹಚ್ಚಿ. ಇಂಜಿನ್ ಇನ್ನೂ ಸುಡುತ್ತಿರುವಾಗಲೇ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿದ. ಆಗದಿದ್ದರೆ ಕಾಯಿಲ್ ಬದಲಿಸಿ ನೋಡಿ.

ಮಲ್ಟಿಮೀಟರಿನಲ್ಲಿ ಕಂಡೆನ್ಸರ್ ಅಳೆದರೆ ಸುಮಾರು 0.2 ಮೈಕ್ರೋಫ್ಯಾರಡ್ ತೋರಿಸುತ್ತದೆ. ಆದರೆ ತಣ್ಣಗಿದ್ದಾಗ ಸರಿ ತೋರಿಸಿ ಬಿಸಿಯಲ್ಲಿ ಸೋರುವುದೇ ಇದರ ರೋಗ, ಹಾಗಾಗಿ ಮೀಟರನ್ನು ಪೂರ್ತಿ ನಂಬಬೇಡಿ.

ರೋಟರನ್ನೂ ಈಗಲೇ ನೋಡಿಬಿಡಿ. ಕ್ಯಾಪ್ ತೆಗೆದು, ರೋಟರನ್ನು ಜಾಗದಲ್ಲೇ ಬಿಟ್ಟು, ಕಾಯಿಲಿನ ದಪ್ಪ ವೈರನ್ನು ರೋಟರಿನ ಮೇಲಿನ ಹಿತ್ತಾಳೆ ಪಟ್ಟಿಗೆ ಸ್ವಲ್ಪ ಮೇಲೆ ಹಿಡಿದು ಸೆಲ್ಫ್ ಹೊಡೆಸಿ. ಹಿತ್ತಾಳೆಗೆ ಕಿಡಿ ಪಟಪಟ ಹಾರುತ್ತಲೇ ಇದ್ದರೆ ರೋಟರ್ ಒಳಗಿಂದ ಶಾಫ್ಟಿಗೆ ಸೋರುತ್ತಿದೆ. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ರೋಟರುಗಳಲ್ಲಿ ಇದು ಸಾಮಾನ್ಯ, ರಿವೆಟ್ ತುದಿ ಶಾಫ್ಟಿಗೆ ತೀರಾ ಹತ್ತಿರ ಬಂದಿರುತ್ತದೆ. ರಿವೆಟ್ ಇಲ್ಲದ್ದನ್ನು ಹುಡುಕಿ ಹಾಕಿ.

ಜೆಸಿರೋಡ್_ಹುಡುಗ:

ಸರ್, ಕಂಡೆನ್ಸರಿಗೆ ಇಂಗ್ಲೆಂಡ್ ಯಾಕೆ? ಜೆ.ಸಿ. ರಸ್ತೆಯ ಹಳೇ ಅಂಗಡಿಗಳಲ್ಲಿ ಅಂಬಾಸಿಡರಿಗೆ ಬರುತ್ತಿದ್ದ ಲೂಕಾಸ್-ಟಿವಿಎಸ್ ಕಂಡೆನ್ಸರ್ ಹಳೇ ಸ್ಟಾಕ್ ಹುಡುಕಿದರೆ ಸಿಗುತ್ತದೆ. ಹಳೇ ಡಬ್ಬಿ, ಹಳೇ ಲೇಬಲ್ ನೋಡಿ ತಗೊಳ್ಳಿ. 'ಎಂಜಿ ಕಾರಿಗೆ' ಅಂತ ಕೇಳಿದರೆ ಈಗಿನ ಹೊಸ ಎಂಜಿ ಎಂದುಕೊಂಡು ಇಲ್ಲ ಎಂದುಬಿಡುತ್ತಾರೆ. 'ಹಳೇ ಪೆಟ್ರೋಲ್ ಅಂಬಾಸಿಡರ್' ಅಂತ ಕೇಳಿ, ನಿಮ್ಮ ಹಳೇ ಸಾಮಾನನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ಪಕ್ಕದಲ್ಲಿಟ್ಟು ಹೋಲಿಸಿ.

ಬಸವನಗುಡಿ_57:

ಸಿಕ್ಕಿತು! ಕಂಡೆನ್ಸರ್ರೂ ಸಿಕ್ಕಿತು, ಕಾಯಿಲೆಯೂ ಸಿಕ್ಕಿತು. ಜೆ.ಸಿ. ರಸ್ತೆಯಿಂದ ತಂದದ್ದನ್ನು ಕ್ಲಿಪ್ ಹಾಕಿ ಹಚ್ಚಿದೆ. ಬಾನೆಟ್ ಮುಟ್ಟಲಾಗದಷ್ಟು ಸುಡುತ್ತಿತ್ತು, ಮೊದಲ ಸೆಲ್ಫಿಗೇ ಸ್ಟಾರ್ಟ್. ಈಗ ಒಳಗೇ ಕೂರಿಸಿ, ಹೊಸ ಪಾಯಿಂಟ್ ಹಾಕಿ, 0.015 ಇಂಚು ಗ್ಯಾಪ್ ಇಟ್ಟಿದ್ದೇನೆ. ರೋಟರ್ ಪರೀಕ್ಷೆಯಲ್ಲಿ ಕಿಡಿ ಹಾರಲಿಲ್ಲ. ಓಡುವಾಗ ನಿಲ್ಲುವುದು ಪೂರ್ತಿ ಹೋಯಿತು. ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಇನ್ನೊಂದು ಉಳಿದಿದೆ. ಗಾಡಿ ಆಫ್ ಮಾಡಿ ಅಂಗಡಿಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದರೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು. ಪೆಟ್ರೋಲ್ ವಾಸನೆ, ಸ್ಟಾರ್ಟ್ ಆದಾಗ ಕಪ್ಪು ಹೊಗೆ. ಹಿಂದಿನ ಕಾರ್ಬುರೇಟರ್ ಕೆಳಗೆ ಒದ್ದೆ ಕೂಡ ಇದೆ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ:

ಇದಕ್ಕೆ ಮಾತ್ರ ಪೆಟ್ರೋಲೇ ಕಾರಣ. ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ನಡುವೆ ತಗಡಿನ ಹೀಟ್ ಶೀಲ್ಡ್ ಇದೆಯಾ? ಬಿ-ಸೀರೀಸಿನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಕಡೆ. ಎಕ್ಸಾಸ್ಟಿನ ಕಾವು ನೇರ ಎಸ್‌ಯು ಬಟ್ಟಲಿಗೆ ಬಡಿಯುತ್ತದೆ. ಓಡುವಾಗ ಗಾಳಿ ಇರುತ್ತದೆ, ತಣ್ಣನೆ ಪೆಟ್ರೋಲ್ ಬರುತ್ತಲೂ ಇರುತ್ತದೆ. ನಿಲ್ಲಿಸಿದಾಗ ಎರಡೂ ನಿಂತು ಬಟ್ಟಲಿನಲ್ಲಿ ಪೆಟ್ರೋಲ್ ಕುದಿದು ಜೆಟ್ಟಿನಿಂದ ಉಕ್ಕುತ್ತದೆ. ಎಥನಾಲ್ 78 ಡಿಗ್ರಿಗೇ ಕುದಿಯುವ ವಸ್ತು, ಇ20 ಬಂದ ಮೇಲೆ ಈ ಕಾಟ ಹೆಚ್ಚು.

ಬಸವನಗುಡಿ_57:

ಶೀಲ್ಡ್ ಇಲ್ಲ! ಹಿಂದಿನ ಯಜಮಾನರ ಕಾಲದಲ್ಲೇ ಹೋಗಿರಬೇಕು. ಶಿವಾಜಿನಗರದ ಗುಜರಿಯಲ್ಲಿ ಸಿಗಬಹುದಾ?

ಹುಬ್ಬಳ್ಳಿ_ಗ್ಯಾರೇಜ್:

ಗುಜರಿಯಲ್ಲಿ ಸಿಗುವ ವಸ್ತು ಅಲ್ಲ ಸರ. ಅಂಬಾಸಿಡರಿಗೆ ಒಂದೇ ಕಾರ್ಬುರೇಟರ್, ನಿಮ್ಮದು ಒಂದೂವರೆ ಇಂಚಿನ ಎಚ್4 ಮಾದರಿಯ ಎಸ್‌ಯು ಕಾರ್ಬುರೇಟರ್ ಜೋಡಿ. ಅದರ ಶೀಲ್ಡ್ ಇದಕ್ಕೆ ಬರುವುದಿಲ್ಲ. ಅಂಬಾಸಿಡರ್ ನೆಂಟಸ್ತನ ಎಲ್ಲಿಯವರೆಗೆ ಅನ್ನುವುದು ಗೊತ್ತಿರಬೇಕು. ಇಂಜಿನ್ ಒಳಗಿನ ಬಹಳಷ್ಟು ಸಾಮಾನು, ಪ್ಯಾಕಿಂಗ್, ಬೇರಿಂಗ್ ಹೋಲಿಸಿ ನೋಡಿ ಹಾಕಬಹುದು. ಪಿಸ್ಟನ್ ಹಾಕುವ ಮುಂಚೆ ಯೋಚನೆ ಮಾಡಿ, ಎಂಜಿಎ ಕಂಪ್ರೆಷನ್ 8.3, ಅಂಬಾಸಿಡರಿನದು ಅದಕ್ಕಿಂತ ಕಮ್ಮಿ. ಡೆಲ್ಕೊ ಪೂರ್ತಿ ಬದಲಿಸಿದರೆ ಅಡ್ವಾನ್ಸ್ (ಕಿಡಿ ಬೀಳುವ ಸಮಯ) ಬೇರೆ ಆಗಿ ಗಾಡಿ ಎಳೆಯುವುದಿಲ್ಲ.

ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ವಿಷಯದಲ್ಲಿ ಬಹಳ ಹುಷಾರು. ಎಂಜಿಎಯಲ್ಲಿ ಆರ್‌ಪಿಎಂ ಮೀಟರಿನ ಕೇಬಲ್ ಡೈನಮೊ ಹಿಂದಿನ ಸಣ್ಣ ಗೇರ್‌ಬಾಕ್ಸಿನಿಂದ ಹೋಗುತ್ತದೆ. ಅಂಬಾಸಿಡರ್ ಡೈನಮೊಗೆ ಆ ಕೂಡಿಕೆಯೇ ಇಲ್ಲ. ಎಷ್ಟೋ ಜನ ಡೈನಮೊ ಕೆಟ್ಟಿತು ಅಂತ ಅಂಬಾಸಿಡರಿನದು ಇಲ್ಲವೇ ಆಲ್ಟರ್ನೇಟರ್ ಕೂರಿಸಿ, ಹಳೇದನ್ನು ತಾಮ್ರದ ಬೆಲೆಗೆ ಮಾರಿಬಿಟ್ಟಿದ್ದಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮದು ಇನ್ನೂ ಇದ್ದರೆ ಆರ್ಮೇಚರ್ ಸುತ್ತಿಸಿ, ಬುಶ್ ಹಾಕಿಸಿ, ಬಿಸಾಡಬೇಡಿ.

ಶೀಲ್ಡನ್ನು ಇಲ್ಲೇ ಮಾಡಿಸಿ. ಕಾರ್ಬುರೇಟರಿನ ಪ್ಯಾಕಿಂಗ್ ಇಟ್ಟು ಮೊದಲು ರಟ್ಟಿನಲ್ಲಿ ಕತ್ತರಿಸಿ, ಗಾಡಿ ಮೇಲೆ ಕೂರಿಸಿ ನೋಡಿ. ಆಕ್ಸಿಲರೇಟರ್ ರಾಡು ಎಲ್ಲೂ ತಾಗಬಾರದು. ಆಮೇಲೆ ಟಿಂಕರ್ ಹತ್ತಿರ ತಗಡಿನಲ್ಲಿ ತೆಗೆಸಿ, ಎಕ್ಸಾಸ್ಟ್ ಕಡೆ ಕಾವು ತಡೆಯುವ ಹಾಳೆ ಅಂಟಿಸಿ.

ಬರ್ಮಿಂಗ್‌ಹ್ಯಾಮ್_ಕನ್ನಡಿಗ:

ಹುಬ್ಬಳ್ಳಿ ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ಯಾರಾದರೂ ಮೂಲದ ಹಳೇ ಶೀಲ್ಡ್ ಕೊಟ್ಟರೆ ಅದರ ಹಿಂದೆ ಅಂಟಿಸಿರುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಆಗಿರಬಹುದು. ಕೆರೆಯಬೇಡಿ, ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಶೀಲ್ಡಿನ ಜೊತೆಗೆ ಕಾವು ದಾಟದ ದಪ್ಪ ಸ್ಪೇಸರ್ ಬರುತ್ತದೆ, ಅದನ್ನು ಬಿಟ್ಟು ಬರೀ ತಗಡು ಹಾಕಿದರೆ ಅರ್ಧ ಕೆಲಸವೂ ಆಗುವುದಿಲ್ಲ. ಸ್ಪೇಸರ್ ಮತ್ತು ಪ್ಯಾಕಿಂಗ್ ಇಲ್ಲಿಂದ ತರಿಸಿ, ಹಗುರದ ಸಾಮಾನು. ಕಸ್ಟಮ್ಸ್ ಸುಂಕ ಸಾಗಣೆ ಖರ್ಚನ್ನೂ ಸೇರಿಸಿ ಬೀಳುವುದರಿಂದ ಭಾರದ್ದನ್ನು ಆದಷ್ಟು ಅಲ್ಲೇ ಮಾಡಿಸುವುದು ಒಳ್ಳೆಯದು.

ಕೆಳಗೆ ಒದ್ದೆ ಇರುವುದು ಜೆಟ್ಟಿನ ಸೀಲಿನಿಂದ. ಎಚ್4ನಲ್ಲಿ ಅವು ಬೆಂಡಿನವು (ಕಾರ್ಕ್), ಒಣಗಿ ಕುಗ್ಗುತ್ತವೆ. ಎಥನಾಲ್ ತಡೆಯುವ ಸೀಲ್ ಕಿಟ್ ಸಿಕ್ಕರೆ ಅದನ್ನೇ ಹಾಕಿ. ಬೆಂಡಿನದ್ದೇ ಹಾಕುವುದಾದರೆ ಒಂದು ರಾತ್ರಿ ಇಂಜಿನ್ ಆಯಿಲಿನಲ್ಲಿ ನೆನೆಸಿಡಿ.

ಜೆಟ್ ಬಿಚ್ಚಿದ ಮೇಲೆ ಮತ್ತೆ ನಡುಮಧ್ಯಕ್ಕೆ ತರಲೇಬೇಕು, ಇದನ್ನು ಅವಸರದಲ್ಲಿ ಮಾಡಬೇಡಿ. ಲಾಕ್ ನಟ್ ಸ್ವಲ್ಪ ಸಡಿಲಿಸಿ, ಜೆಟ್ಟನ್ನು ಪೂರ್ತಿ ಮೇಲೆ ತಳ್ಳಿ, ಮೇಲಿನಿಂದ ಕಾರ್ಬುರೇಟರಿನ ಪಿಸ್ಟನ್ ಮೆಲ್ಲಗೆ ಒತ್ತಿ ಹಿಡಿದು ನಟ್ ಬಿಗಿ ಮಾಡಿ. ಆಮೇಲೆ ಪಿಸ್ಟನ್ ಎತ್ತಿ ಕೈಬಿಡಿ. 'ಟಕ್' ಎಂದು ಲೋಹಕ್ಕೆ ಲೋಹ ತಾಗಿದ ಸ್ಪಷ್ಟ ಸದ್ದು ಬರಬೇಕು. ಜೆಟ್ಟನ್ನು ಕೆಳಗೆ ಇಳಿಸಿ ಇನ್ನೊಮ್ಮೆ ಬಿಡಿ, ಅದೇ ಸದ್ದು ಬರಬೇಕು. ಎರಡನೇ ಸಲ ಸದ್ದು ಗಡುಸಾದರೆ ಪಿಸ್ಟನ್ನಿನ ಸೂಜಿ ಇನ್ನೂ ಜೆಟ್ಟಿಗೆ ಉಜ್ಜುತ್ತಿದೆ, ಮೊದಲಿನಿಂದ ಮಾಡಿ. ಕೊನೆಗೆ ಮಿಕ್ಸ್ಚರ್ ನಟ್ಟನ್ನು ಎರಡೂ ಕಾರ್ಬುರೇಟರಿನಲ್ಲಿ ಸಮನಾಗಿ, ನಟ್ಟಿನ ಒಂದೊಂದು ಮುಖದಷ್ಟು ಕೆಳಗೆ ತಿರುಗಿಸಿ ನೋಡಿ. ಇ20ಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು. ಪ್ಲಗ್ಗಿನ ಬಣ್ಣ ತೆಳು ಕಂದು ಬರುವ ತನಕ ಹೀಗೆ ಹೊಂದಿಸಿ.

ಬಸವನಗುಡಿ_57:

ರಟ್ಟಿನ ಅಚ್ಚು ಆಯಿತು, ತಗಡು ಟಿಂಕರ್ ಹತ್ತಿರ ಇದೆ. ಸ್ಪೇಸರ್ ಮತ್ತು ಸೀಲ್ ಕಿಟ್ ಆರ್ಡರ್ ಮಾಡಿದೆ. ಡೈನಮೊ ನೋಡಿದೆ ಅಣ್ಣಾ, ಹಿಂದೆ ಗೇರ್‌ಬಾಕ್ಸ್ ಇರುವ ಮೂಲದ್ದೇ ಇದೆ! ಆರ್‌ಪಿಎಂ ಮೀಟರ್ ಸತ್ತಿರುವುದು ಕೇಬಲ್ ತುಂಡಾಗಿರುವುದರಿಂದ. ಈ ಕೇಬಲ್ ಬೆಂಗಳೂರಿನಲ್ಲಿ ಯಾರಾದರೂ ಮಾಡಿಕೊಡುತ್ತಾರಾ?

ಜೆಸಿರೋಡ್_ಹುಡುಗ:

ಮಾಡುತ್ತಾರೆ ಸರ್. ಸ್ಪೀಡೋಮೀಟರ್ ಕೇಬಲ್ ಕಟ್ಟುವವರು ಜೆ.ಸಿ. ರಸ್ತೆಯ ಅಡ್ಡರಸ್ತೆಗಳಲ್ಲಿ ಇನ್ನೂ ಇದ್ದಾರೆ. ಹಳೇ ಕೇಬಲ್ಲಿನ ಎರಡೂ ತುದಿಯ ನಟ್ ಕಳೆಯಬೇಡಿ, ಅವನ್ನೇ ಹೊಸ ಕೇಬಲ್ಲಿಗೆ ಕೂರಿಸಿಕೊಡುತ್ತಾರೆ. ಒಳಗಿನ ತಂತಿ ಚೌಕ ತುದಿಯಾಚೆ ಎಷ್ಟು ಹೊರಗೆ ಬಂದಿತ್ತು ಅಂತ ಅಳೆದು ಬರೆದುಕೊಂಡು ಹೋಗಿ. ಜಾಸ್ತಿ ಉದ್ದ ಆದರೆ ಡೈನಮೊ ಗೇರ್‌ಬಾಕ್ಸಿಗೇ ಒತ್ತಿ ಹಲ್ಲು ತಿಂದುಬಿಡುತ್ತದೆ.