ಡಬ್ಲ್ಯುಎನ್‌ಬಿಎ ಬಗ್ಗೆ ಬಂದ ಒಂದು ಫಾರ್ವರ್ಡ್, ಮನೆಯವರ ಗುಂಪಿನಲ್ಲಿ ಜಗಳ

ಚಿಕ್ಕಪ್ಪ: (ಫಾರ್ವರ್ಡ್ ಆಗಿದ್ದು) ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯುಎನ್‌ಬಿಎಯನ್ನು 27 ವರ್ಷ ಯಾರೂ ನೋಡಲಿಲ್ಲ. ಗಂಡಸರ ಲೀಗ್ ಎನ್‌ಬಿಎ ದುಡ್ಡು ಸುರಿದು ಸಾಕಿತು. 2024ರಲ್ಲಿ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಬಂದ ಮೇಲೆಯೇ ಅದಕ್ಕೆ ಜೀವ ಬಂದದ್ದು. ಓದಿ, ಎಲ್ಲರಿಗೂ ಕಳಿಸಿ.

ಅಣ್ಣ: ನಿಜ ಅಲ್ವಾ ಇದು 👍 ಕ್ಲಾರ್ಕ್ ಬರುವ ಮುಂಚೆ ಈ ಲೀಗ್ ಹೆಸರು ನಾನಂತೂ ಕೇಳಿರಲಿಲ್ಲ.

ನಾನು: ನೀನು ಕೇಳಿಲ್ಲ ಅಂದರೆ ಯಾರೂ ನೋಡಿಲ್ಲ ಅಂತಾನಾ ಅಣ್ಣಾ? 1997ರ ಜೂನ್ 21ರಂದು ಮೊಟ್ಟಮೊದಲ ಪಂದ್ಯ, ಲಾಸ್ ಏಂಜಲೀಸ್ ಸ್ಪಾರ್ಕ್ಸ್ ಮೇಲೆ ನ್ಯೂಯಾರ್ಕ್ ಲಿಬರ್ಟಿ. 14,284 ಜನ ಬಂದಿದ್ದರು. ಕ್ಲಾರ್ಕ್ ಆಗಿನ್ನೂ ಹುಟ್ಟೇ ಇರಲಿಲ್ಲ.

ಚಿಕ್ಕಪ್ಪ: ಮೊದಲ ದಿನ ಯಾವುದಕ್ಕಾದರೂ ಜನ ಸೇರುತ್ತಾರಮ್ಮ. ಆಮೇಲೆ ಏನಾಯ್ತು ನೋಡು. ಮೊದಲ ನಾಲ್ಕು ವರ್ಷ ಸತತವಾಗಿ ಗೆದ್ದ ಹ್ಯೂಸ್ಟನ್ ಕಾಮೆಟ್ಸ್ ತಂಡವೇ 2008ರಲ್ಲಿ ಮುಚ್ಚಿಹೋಯಿತು. ಕ್ಲೀವ್‌ಲ್ಯಾಂಡ್, ಷಾರ್ಲಟ್, ಸ್ಯಾಕ್ರಮೆಂಟೊ ಎಲ್ಲಾ ಹೋದವು. ಎನ್‌ಬಿಎ ಕೈಬಿಟ್ಟಿದ್ದರೆ ಲೀಗೂ ಹೋಗುತ್ತಿತ್ತು.

ನಾನು: ಆ ದುಡ್ಡು ಬೇಕಿತ್ತು, ಇಲ್ಲ ಅನ್ನುವುದಿಲ್ಲ ಚಿಕ್ಕಪ್ಪ. ಆದರೆ ಅದೇನು ದಾನವಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಅಮೆರಿಕದ ಹೆಣ್ಣುಮಕ್ಕಳ ತಂಡ ಊರೂರು ಸುತ್ತಿ 52 ಪಂದ್ಯ ಆಡಿ 52ನ್ನೂ ಗೆದ್ದಿತ್ತು. ಒಲಿಂಪಿಕ್ಸ್‌ನಲ್ಲೂ ಎಂಟಕ್ಕೆ ಎಂಟು, ಚಿನ್ನ. ಜನ ಆಗಲೇ ಮುಗಿಬಿದ್ದು ನೋಡುತ್ತಿದ್ದರು, ಎನ್‌ಬಿಎ ಅದನ್ನು ನೋಡಿಯೇ ಕೈ ಹಾಕಿದ್ದು. ಬೇಸಿಗೆಯಲ್ಲಿ ಗಂಡಸರ ಸೀಸನ್ ಮುಗಿದು ಅವರ ಕ್ರೀಡಾಂಗಣ ಖಾಲಿ ಇರುತ್ತದೆ, ಅದನ್ನು ತುಂಬಿಸಿಕೊಟ್ಟದ್ದು ಇವರು.

ಅಕ್ಕ: ಇದಕ್ಕಿಂತ ಮುಂಚೆ ಬೇರೆ ಲೀಗ್ ಇರಲಿಲ್ವಾ?

ನಾನು: ಇತ್ತು ಅಕ್ಕಾ. ಡಬ್ಲ್ಯುಬಿಎಲ್ ಅಂತ, 1978ರ ಡಿಸೆಂಬರ್‌ನಲ್ಲಿ ಶುರು, 1981ಕ್ಕೆ ಮುಗೀತು. ಮಿನ್ನೆಸೋಟ ಫಿಲ್ಲೀಸ್ ತಂಡದವರು ಸಂಬಳ ಸಿಗದೆ ಶಿಕಾಗೋದಲ್ಲಿ ಪಂದ್ಯದ ಹೊತ್ತಿಗೆ ಕೋರ್ಟ್ ಬಿಟ್ಟು ಹೊರಗೆ ನಡೆದಿದ್ದರು. ಆಮೇಲೆ 1996ರ ಅಕ್ಟೋಬರ್‌ನಲ್ಲಿ ಎಬಿಎಲ್ ಅಂತ ಇನ್ನೊಂದು ಲೀಗ್. ಅದು ಡಬ್ಲ್ಯುಎನ್‌ಬಿಎಗಿಂತ ಜಾಸ್ತಿ ಸಂಬಳ ಕೊಡುತ್ತಿತ್ತು.

ಚಿಕ್ಕಪ್ಪ: ಕೊಟ್ಟು ಏನಾಯ್ತು? 1998ರ ಡಿಸೆಂಬರ್‌ನಲ್ಲಿ ಸೀಸನ್ ಮಧ್ಯದಲ್ಲೇ ದಿವಾಳಿ. ನಾನು ಹೇಳಿದ್ದೂ ಅದನ್ನೇ ತಾನೇ.

ನಾನು: ಹಾಗಾದರೆ ಬದುಕುಳಿದ ಡಬ್ಲ್ಯುಎನ್‌ಬಿಎ ಖರ್ಚು ಯಾರ ಮೈಮೇಲೆ ಬಿತ್ತು ಅಂತಲೂ ನೋಡಬೇಕಲ್ಲ. ಹ್ಯೂಸ್ಟನ್ ಆಟಗಾರ್ತಿ ಶೆರಿಲ್ ಸ್ವೂಪ್ಸ್ ಮೊದಲ ಸೀಸನ್ ಶುರುವಾದ ವಾರದಲ್ಲೇ ಮಗು ಹೆತ್ತು, ಆರು ವಾರಕ್ಕೆ ಕೋರ್ಟಿಗೆ ವಾಪಸ್ ಬಂದರು. ಸಂಬಳ ಸಾಲದೆ ಆಟಗಾರ್ತಿಯರು ಚಳಿಗಾಲವೆಲ್ಲ ರಷ್ಯಾ, ಟರ್ಕಿ ಅಂತ ಹೋಗಿ ಆಡುತ್ತಿದ್ದರು, ವರ್ಷಪೂರ್ತಿ ಮೈಗೆ ವಿಶ್ರಾಂತಿಯೇ ಇಲ್ಲ. 2015ರಲ್ಲಿ ಸ್ಟಾರ್ ಆಟಗಾರ್ತಿ ಡಯಾನಾ ಟೌರಾಸಿಗೆ ಅವರ ರಷ್ಯಾ ಕ್ಲಬ್ ಏನು ಹೇಳಿತು ಗೊತ್ತಾ? ಈ ಬೇಸಿಗೆ ಅಮೆರಿಕದಲ್ಲಿ ಆಡಬೇಡ, ಸುಮ್ನೆ ರೆಸ್ಟ್ ತಗೋ, ಅದಕ್ಕೂ ನಾವೇ ದುಡ್ಡು ಕೊಡ್ತೀವಿ ಅಂತ. ಅವರು ಒಪ್ಪಿಕೊಂಡರು, ಆ ಇಡೀ ಸೀಸನ್ ಆಡಲಿಲ್ಲ.

ಅಣ್ಣ: ಇದು ಗೊತ್ತಿರಲಿಲ್ಲ.

ನಾನು: ಇನ್ನೂ ಇದೆ. ಮಾಮೂಲಿ ವಿಮಾನದಲ್ಲೇ ಓಡಾಡಬೇಕು ಅನ್ನುವ ನಿಯಮ ಇತ್ತು. 2018ರ ಆಗಸ್ಟ್‌ನಲ್ಲಿ ಲಾಸ್ ವೇಗಾಸ್ ಏಸಸ್ ತಂಡದವರು ವಾಷಿಂಗ್ಟನ್‌ಗೆ ಹೊರಟಿದ್ದರು. ಒಂದು ವಿಮಾನ ತಡ, ಇನ್ನೊಂದು ರದ್ದು. 25 ಗಂಟೆಗೂ ಮೇಲೆ ದಾರಿಯಲ್ಲೇ ಕಳೆದು, ಪಂದ್ಯದ ದಿನ ಮಧ್ಯಾಹ್ನ ಹೋಗಿ ಮುಟ್ಟಿದರು. ಈ ಸ್ಥಿತಿಯಲ್ಲಿ ಆಡಿದರೆ ಪೆಟ್ಟು ಮಾಡಿಕೊಳ್ಳುತ್ತೇವೆ ಅಂತ ಅವತ್ತು ಆಡಲಿಲ್ಲ. ಲೀಗ್ ಅದನ್ನು ಸೋಲು ಅಂತ ಬರೆದುಕೊಂಡಿತು. 2021ರಲ್ಲಿ ಲಿಬರ್ಟಿ ಮಾಲೀಕರು ಸ್ವಂತ ಖರ್ಚಿನಲ್ಲಿ ತಂಡಕ್ಕೇ ಅಂತ ಬಾಡಿಗೆಯ ಚಾರ್ಟರ್ ವಿಮಾನ ಮಾಡಿಕೊಟ್ಟರೆ 5 ಲಕ್ಷ ಡಾಲರ್ ದಂಡ! ಎಲ್ಲ ಮಾಲೀಕರಿಗೂ ಅಷ್ಟು ಶಕ್ತಿ ಇಲ್ಲ, ಸಮಾನತೆ ಬೇಕು ಅಂತೆ. ನನಗೆ ಹೊಟ್ಟೆ ಉರಿಯುವುದು ಇಂಥದ್ದಕ್ಕೇ ಚಿಕ್ಕಪ್ಪ.

ಚಿಕ್ಕಪ್ಪ: ಈಗ ಚಾರ್ಟರ್ ಕೊಟ್ಟಿದ್ದಾರಲ್ಲ. ಯಾವಾಗಿನಿಂದ? 2024ರಿಂದ. 220 ಕೋಟಿ ಡಾಲರಿನ ಟಿವಿ ಒಪ್ಪಂದ ಆಗಿದ್ದೂ ಅದೇ ವರ್ಷ. ಕ್ಲಾರ್ಕ್ ಬಂದ ವರ್ಷ.

ನಾನು: ಹೌದು, ಜನ ತುಂಬಿದ್ದರಲ್ಲಿ ಅವರ ಪಾಲು ದೊಡ್ಡದು. ಆಟವೂ ಹಾಗೇ ಇದೆ, ಒಂದೇ ಪಂದ್ಯದಲ್ಲಿ 19 ಅಸಿಸ್ಟ್, ಅಂದರೆ ಜೊತೆಯವರು ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್. ಆದರೆ ಆ ವರ್ಷ ಲೀಗ್ ಅವರಿಗೆ ಕೊಟ್ಟ ಸಂಬಳ 76,535 ಡಾಲರ್. 2025ರಲ್ಲಿ ಲೀಗಿನ ಆಯ್ದ ಆಟಗಾರ್ತಿಯರ ಆಲ್‌ಸ್ಟಾರ್ ಪಂದ್ಯಕ್ಕೆ ಮುಂಚೆ ಎಲ್ಲರೂ 'ನಮಗೆ ಬರಬೇಕಾದ್ದನ್ನು ಕೊಡಿ' ಅಂತ ಬರೆದ ಟೀಶರ್ಟ್ ಹಾಕಿಕೊಂಡು ಬಂದರಲ್ಲ, ಕ್ಲಾರ್ಕೂ ಅದರಲ್ಲಿ ಇದ್ದರು. ಸಾಕಿಸಿಕೊಂಡವರು ಹಾಗೆ ಕೇಳುತ್ತಾರಾ?

ಅಕ್ಕ: ಯಾರೂ ನೋಡಲಿಲ್ಲ ಅನ್ನುವವರಿಗೆ ತೋರಿಸಲು ಯಾವುದಾದರೂ ಹಳೇ ಪಂದ್ಯ ಹೇಳೇ.

ನಾನು: 1999ರ ಫೈನಲ್ಸ್, ಎರಡನೇ ಪಂದ್ಯ. ಹ್ಯೂಸ್ಟನ್ ಎರಡು ಪಾಯಿಂಟ್ ಮುಂದೆ, ಉಳಿದದ್ದು 2.4 ಸೆಕೆಂಡ್. ಲಿಬರ್ಟಿಯ ಟೆರೆಸಾ ವೆದರ್‌ಸ್ಪೂನ್ ಕೋರ್ಟಿನ ಅರ್ಧ ಗೆರೆಯ ಆಚೆಯಿಂದಲೇ ಎಸೆದರು. ಬಿತ್ತು! 68-67, ಲಿಬರ್ಟಿ ಗೆದ್ದಿತು. ಮರುದಿನ ಮೂರನೇ ಪಂದ್ಯದಲ್ಲಿ ಹ್ಯೂಸ್ಟನ್ನೇ ಗೆದ್ದು ಕಪ್ ಎತ್ತಿತು, ಆದರೆ ಆ ಎಸೆತ ನೋಡಿದವರು ಮರೆತಿಲ್ಲ.

ಚಿಕ್ಕಪ್ಪ: ನೀನು ಎಷ್ಟೇ ಹೇಳು, ಎನ್‌ಬಿಎ ಇಲ್ಲದಿದ್ದರೆ ಎಬಿಎಲ್‌ಗೆ ಆದ ಗತಿಯೇ ಆಗುತ್ತಿತ್ತು.

ನಾನು: ಅದಕ್ಕೆ ನನ್ನ ತಕರಾರಿಲ್ಲ. 'ಯಾರೂ ನೋಡಲಿಲ್ಲ', 'ಸಾಕಿತು', ಈ ಎರಡು ಮಾತು ತೆಗೆದು ಬೇರೆ ಗುಂಪಿಗೆ ಕಳಿಸಿ ಚಿಕ್ಕಪ್ಪ.

ಚಿಕ್ಕಪ್ಪ: ಮೊದಲನೇದು ತೆಗೀತೀನಿ. ಎರಡನೇದಕ್ಕೆ ಭಾನುವಾರ ಫೋನ್ ಮಾಡು.